ಗಿಣ್ಣು ಗಟ್ಟಿಯಾಗೋದಕ್ಕೂ ಮೇಕೆ ಮರಿ ಬದುಕೋದಕ್ಕೂ ಇರೋ ನಂಟು

ಕರು ಹಾಕಿದ ಮನೆಯಿಂದ ಒಂದು ಚೊಂಬು ಗಿಣ್ಣು ಹಾಲು ಬಂತು ಅಂದ್ರೆ ನಮ್ಮ ಕಡೆ ಮೊದ್ಲು ಕೇಳೋದೇ ಎಷ್ಟನೇ ಹೊತ್ತಿಂದು ಅಂತ. ಮೊದಲನೇ ಹೊತ್ತಿಂದಾದ್ರೆ ಮಾಮೂಲಿ ಹಾಲು ಬೆರೆಸಲೇಬೇಕು, ಇಲ್ದಿದ್ರೆ ಗಿಣ್ಣು ರಬ್ಬರ್ ಥರ ಆಗುತ್ತೆ. ಎರಡನೇ ದಿನದ್ದಾದ್ರೆ ಬೆಲ್ಲ ಏಲಕ್ಕಿ ಹಾಕಿ ಹಾಗೇ ಹಬೆಗೆ ಇಟ್ರೂ ನಡೆಯುತ್ತೆ. ನಾಲ್ಕೈದು ದಿನ ಆದ್ಮೇಲಿನ ಹಾಲು ಎಷ್ಟು ಬೇಯಿಸಿದ್ರೂ ಕೂರಲ್ಲ. ಹೊತ್ತು ಹೊತ್ತಿಗೂ ಹಾಲು ಬದಲಾಗುತ್ತೆ ಅನ್ನೋ ಲೆಕ್ಕ ನಮ್ಮ ಅಡುಗೆಮನೆಗೆ ಇಷ್ಟು ಚೆನ್ನಾಗಿ ಗೊತ್ತು, ಆದ್ರೆ ಅದೇ ಮನೆ ಹಿತ್ತಲಲ್ಲಿ ಮೇಕೆ ಮರಿ ಹಾಕಿದ್ರೆ "ಕಸ ಬೀಳೋ ತನಕ ಮರಿಗೆ ಹಾಲು ಬಿಡಬ್ಯಾಡ" ಅಂತಾರಲ್ಲ (ಕಸ ಅಂದ್ರೆ ಮರಿ ಹಾಕಿದ್ಮೇಲೆ ಬೀಳೋ ಮಾಸು), ಅದನ್ನ ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತೆ.

ಯಾಕಂದ್ರೆ ಆ ಮಾತು ನಾನೂ ಕೇಳಿದ್ದೆ. ನಾನು ಸಾಕೋದು ಬಾರ್ಬರಿ ಮೇಕೆ, ಸೊಮಾಲಿಯಾದ ಬೆರ್ಬೆರಾ ಅನ್ನೋ ಬಂದರಿನಿಂದ ಹೆಸರು ಬಂದಿರೋ ಗಿಡ್ಡ ತಳಿ, ಉತ್ತರ ಪ್ರದೇಶದ ಇಟಾವಾ, ಆಗ್ರಾ, ಮಥುರಾ ಕಡೆ ಮನೆ ಹಾಲಿಗೆ ಅಂತಲೇ ಕಟ್ಟಿ ಸಾಕ್ತಾರೆ, ದಿನಕ್ಕೆ ಒಂದು ಲೀಟರ್ ಹತ್ರ ಹಾಲು ಕೊಡುತ್ತೆ. ನನ್ನ ಮೊದಲ ಮೇಕೆ ಚೊಚ್ಚಲಲ್ಲೇ ಅವಳಿ ಹಾಕ್ತು. ರಾತ್ರಿ ಹನ್ನೊಂದು ಗಂಟೆ, ಜನವರಿ ಚಳಿ. ಪಕ್ಕದ ಮನೆ ಅಜ್ಜಿ ಬಂದು "ತಡಿ ಕಣಪ್ಪ, ಕಸ ಬೀಳ್ಲಿ, ಆಮೇಲೆ ಕುಡಿಸೀವಂತೆ" ಅಂದ್ರು. ಕಸ ಬಿದ್ದಿದ್ದು ಬೆಳಗಿನ ಜಾವ. ಅಷ್ಟೊತ್ತಿಗೆ ಸಣ್ಣ ಮರಿ ಚೀಪೋ ಶಕ್ತಿ ಕಳ್ಕೊಂಡಿತ್ತು, ಬಾಯಿಗೆ ಬೆರಳಿಟ್ರೆ ತಣ್ಣಗಿತ್ತು. ಮೂರನೇ ದಿನ ಭೇದಿ ಶುರುವಾಗಿ ಸಂಜೆ ಹೊತ್ತಿಗೆ ಹೋಯ್ತು. ಅಜ್ಜಿದೇನೂ ತಪ್ಪಿಲ್ಲ, ಅವರ ಅತ್ತೆ ಹೇಳಿಕೊಟ್ಟಿದ್ದನ್ನ ಅವರು ಹೇಳಿದ್ರು. ಓದಿಕೊಂಡಿದ್ದ ನಾನು ಕೇಳಿ ಸುಮ್ನೆ ಕೂತಿದ್ದೆ, ಅದು ನನ್ನ ತಪ್ಪು.

ಈಗ ಗಿಣ್ಣಿನ ವಿಷಯಕ್ಕೆ ಬರ್ತೀನಿ. ಮಾಮೂಲಿ ಹಾಲಲ್ಲಿ ಜಾಸ್ತಿ ಇರೋ ಪ್ರೋಟೀನು ಕೇಸೀನ್, ಅದು ಕುದಿಸಿದ್ರೂ ಹೆಪ್ಪುಗಟ್ಟಲ್ಲ, ಹುಳಿ ಬಿದ್ರೇನೇ ಒಡೆಯೋದು. ಗಿಣ್ಣು ಹಾಲಲ್ಲಿ ಬೇರೆ ಥರದ ಪ್ರೋಟೀನುಗಳು ತುಂಬಿರುತ್ತೆ, ಅವಕ್ಕೆ ಬಿಸಿ ತಾಗಿದ್ರೆ ಮೊಟ್ಟೆಯ ಬಿಳಿ ಭಾಗ ಗಟ್ಟಿಯಾಗೋ ಹಾಗೆ ಗಟ್ಟಿಯಾಗ್ತವೆ. ಆ ಪ್ರೋಟೀನುಗಳಲ್ಲಿ ದೊಡ್ಡ ಪಾಲು ಆಂಟಿಬಾಡಿಗಳದ್ದು, ಅಂದ್ರೆ ತಾಯಿ ತನ್ನ ಜೀವಮಾನದಲ್ಲಿ ಎದುರಿಸಿದ ರೋಗಗಳ ವಿರುದ್ಧ ಮಾಡಿಟ್ಟುಕೊಂಡಿರೋ ರಕ್ಷಣೆ. ತಟ್ಟೆಯಲ್ಲಿ ಕೂತು ಅಲುಗಾಡೋ ಗಿಣ್ಣು ಆಂಟಿಬಾಡಿ ಎಷ್ಟಿತ್ತು ಅಂತ ಕಣ್ಣಿಗೆ ತೋರಿಸೋ ಅಳತೆ! ನಾಲ್ಕೈದು ದಿನದಲ್ಲಿ ಗಿಣ್ಣು ಕೂರಲ್ಲ ಅಂದ್ರೆ ಹಾಲಲ್ಲಿ ಆಂಟಿಬಾಡಿ ಹೆಚ್ಚುಕಮ್ಮಿ ಖಾಲಿ ಆಗಿದೆ ಅಂತ. ಮೇಕೆ ಹಾಲಿಗೂ ಇದೇ ಲೆಕ್ಕ.

ಮನುಷ್ಯರ ಮಗುವಿಗೆ ಈ ಆಂಟಿಬಾಡಿ ಹೊಟ್ಟೆಯಲ್ಲಿರುವಾಗ್ಲೇ ತಾಯಿ ರಕ್ತದಿಂದ ಬಂದಿರುತ್ತೆ. ಮೇಕೆಗೆ ಹಾಗಿಲ್ಲ. ಬಿದ್ದ ಕಸವನ್ನ ಯಾವತ್ತಾದ್ರೂ ಹತ್ತಿರದಿಂದ ನೋಡಿದ್ರೆ ಅದರ ಮೇಲೆ ಕೆಂಪು ಗುಂಡಿಗಳು ಹೊಲಿದಂಗೆ ಕಾಣ್ತವೆ. ಆ ಗುಂಡಿಗಳ ಹತ್ರ ಮಾತ್ರ ತಾಯಿ ಗರ್ಭಕೋಶಕ್ಕೂ ಮರಿಯ ಕಸಕ್ಕೂ ಸಂಪರ್ಕ, ಅಲ್ಲೂ ನಡುವೆ ಪದರದ ಮೇಲೆ ಪದರ. ಪಕ್ಕದ ಮನೆಗೆ ಕಿಟಕಿ ಸರಳಿನ ಸಂದಿಯಿಂದ ಒಂದು ಲೋಟ ಸಕ್ಕರೆ ಕೊಡಬಹುದು, ಬೀರು ದಾಟಿಸೋಕಾಗಲ್ಲ. ಹಾಗೇ ಆಕ್ಸಿಜನ್, ಸಕ್ಕರೆ ಎಲ್ಲ ದಾಟುತ್ತೆ, ಆಂಟಿಬಾಡಿ ದೊಡ್ಡ ಅಣು, ದಾಟಲ್ಲ. ಐದು ತಿಂಗಳು ಹೊಟ್ಟೆಯಲ್ಲಿದ್ರೂ ಮರಿ ತಾಯಿಯ ಆಂಟಿಬಾಡಿ ಒಂದೂ ಇಲ್ದೆ ರೊಪ್ಪದ ಹಿಕ್ಕೆ ಗಂಜಲದ ಮಧ್ಯೆ ಬಂದು ಬೀಳುತ್ತೆ.

ನನಗೆ ಅತೀ ಇಷ್ಟವಾದ ಭಾಗ ಇದರ ನಂತರದ್ದು. ಹುಟ್ಟಿದ ಮರಿಯ ಸಣ್ಣ ಕರುಳು ಮೊದಲ ಕೆಲವು ಗಂಟೆ ದೊಡ್ಡ ದೊಡ್ಡ ಪ್ರೋಟೀನನ್ನ ಜೀರ್ಣ ಮಾಡದೆ ಇಡಿಇಡಿಯಾಗಿ ನುಂಗಿ ರಕ್ತಕ್ಕೆ ದಾಟಿಸುತ್ತೆ. ಹೊಸ ಮಣ್ಣಿನ ಮಡಕೆಗೆ ನೀರು ತುಂಬಿದ್ರೆ ಮೈಯೆಲ್ಲ ಒಸರುತ್ತಲ್ಲ, ಬಳಸ್ತಾ ಬಳಸ್ತಾ ರಂಧ್ರ ಮುಚ್ಚಿಕೊಂಡು ಒಸರೋದು ನಿಲ್ಲುತ್ತಲ್ಲ, ಹಾಗೆ ಅಂದ್ಕೊಳ್ಳಿ. ಅಥವಾ ಮದುವೆ ಮನೆ ಬಾಗಿಲು ಅಂದ್ಕೊಳ್ಳಿ, ಮುಹೂರ್ತದ ಹೊತ್ತಲ್ಲಿ ಯಾರು ಬಂದ್ರೂ ಒಳಗೆ, ನೆಂಟರೋ ಕಳ್ಳರೋ ಕೇಳೋರಿಲ್ಲ. ಎರಡನೇ ಹೋಲಿಕೆ ಇನ್ನೂ ಸರಿ, ಯಾಕಂದ್ರೆ ಈ ಕರುಳು ಆಯ್ಕೆ ಮಾಡಲ್ಲ, ಕೊಳಕು ಕೆಚ್ಚಲಿಂದ ಬಂದ ಇ-ಕೋಲೈ ಥರದ ಬ್ಯಾಕ್ಟೀರಿಯಾನೂ ಅದೇ ಸಂದಿಯಲ್ಲಿ ನುಗ್ಗಬಹುದು. ಯಾರು ಮೊದ್ಲು ಮುಟ್ತಾರೆ ಅನ್ನೋದೇ ಪಂದ್ಯ. ಆಂಟಿಬಾಡಿ ಅರಗಿ ಹೋಗದೇ ಇರಲಿ ಅಂತ ಗಿಣ್ಣಿನಲ್ಲೇ ಜೀರ್ಣ ತಡೆಯೋ ಅಂಶ ಇರುತ್ತೆ, ಹೊಟ್ಟೆಯಲ್ಲಿ ಆಮ್ಲವೂ ಇನ್ನೂ ಸರಿಯಾಗಿ ಶುರುವಾಗಿರಲ್ಲ, ಎಷ್ಟು ಅಚ್ಚುಕಟ್ಟು ನೋಡಿ. ಆರು ಗಂಟೆ ಕಳೆದ್ರೆ ಬಾಗಿಲು ಮುಚ್ಚೋಕೆ ಶುರು, ಇಪ್ಪತ್ತನಾಲ್ಕು ಗಂಟೆಗೆ ಬಹುತೇಕ ಬಂದ್. ಒಂದು ಕಡೆ ಕೆಚ್ಚಲಲ್ಲಿ ಆಂಟಿಬಾಡಿ ಇಳೀತಿರುತ್ತೆ, ಇನ್ನೊಂದು ಕಡೆ ಕರುಳು ಮುಚ್ಚುತಿರುತ್ತೆ, ಎರಡೂ ಒಟ್ಟಿಗೇ. ಇದರ ಮಧ್ಯೆ ನಾವು ಕಸ ಬೀಳ್ಲಿ ಅಂತ ಕೂತ್ರೆ ಹೇಗೆ?

ತಾಯಿ ಹಾಲಿಂದ ರಕ್ಷಣೆ ಬರುತ್ತೆ ಅಂತ ತೋರಿಸಿಕೊಟ್ಟವರು ಜರ್ಮನಿಯ ವಿಜ್ಞಾನಿ ಪೌಲ್ ಎರ್ಲಿಕ್, 1892ರಲ್ಲಿ. ಅವರು ಬಳಸಿದ್ದೇನು ಗೊತ್ತಾ, ನಮ್ಮ ಹರಳು ಬೀಜದ ವಿಷ ಮತ್ತೆ ನಮ್ಮ ಅಕ್ಕಸಾಲಿಗರು ಚಿನ್ನ ತೂಗ್ತಿದ್ದ ಗುಲಗಂಜಿಯ ವಿಷ. ಇಲಿಗಳಿಗೆ ಸ್ವಲ್ಪ ಸ್ವಲ್ಪವೇ ಕೊಟ್ಟು ಏರಿಸ್ತಾ ಹೋಗಿ ಆ ವಿಷ ತಡಕೊಳ್ಳೋ ಹಾಗೆ ಮಾಡಿದ್ರು. ಅಂಥ ತಂದೆಗೆ ಹುಟ್ಟಿದ ಮರಿಗಳಿಗೆ ರಕ್ಷಣೆ ಬರಲಿಲ್ಲ, ಅಂಥ ತಾಯಿಗೆ ಹುಟ್ಟಿದವಕ್ಕೆ ಬಂತು. ಆಮೇಲೆ ಮರಿಗಳನ್ನ ಅದಲು ಬದಲು ಮಾಡಿ ಹಾಲು ಕುಡಿಸಿದ್ರು, ಸಾಮಾನ್ಯ ಇಲಿಯ ಮರಿಗಳು ಆ ಗಟ್ಟಿ ತಾಯಿಯ ಹಾಲು ಕುಡಿದು ವಿಷ ತಡಕೊಂಡವು! ಇಲಿಗಳಲ್ಲಿ ಕರುಳಿನ ಬಾಗಿಲು ಎರಡು ವಾರದ ಮೇಲೂ ತೆಗೆದಿರೋದ್ರಿಂದ ಆ ಪ್ರಯೋಗ ಸಲೀಸಾಯ್ತು. ರೋಗ ತಡೆಯೋ ಶಕ್ತಿಯ ಬಗ್ಗೆ ಮಾಡಿದ ಕೆಲಸಕ್ಕೆ 1908ರಲ್ಲಿ ಎರ್ಲಿಕ್ ಮತ್ತೆ ರಷ್ಯಾ ಮೂಲದ ವಿಜ್ಞಾನಿ ಮೆಚ್ನಿಕಾಫ್ ನೊಬೆಲ್ ಹಂಚಿಕೊಂಡ್ರು. ಗಿಣ್ಣು ಸಿಗದ ಎಳೆ ಕರುಗಳು ಇ-ಕೋಲೈಗೆ ಬಲಿಯಾಗೋದನ್ನ 1922ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಥಿಯೋಬಾಲ್ಡ್ ಸ್ಮಿತ್ ಮತ್ತೆ ರಾಲ್ಫ್ ಲಿಟಲ್ ಬರೆದ್ರು. ಒಂದು ಶತಮಾನದ ಹಳೇ ಸುದ್ದಿ ಇದು, ನಮ್ಮ ರೊಪ್ಪಗಳಿಗೆ ಇನ್ನೂ ತಲುಪಿಲ್ಲ.

ಕಸದ ಮಾತಂತೂ ಪೂರ್ತಿ ಉಲ್ಟಾ. ಮರಿ ಮೊಲೆ ಚೀಪಿದಾಗ ತಾಯಿ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಬಿಡುಗಡೆ ಆಗುತ್ತೆ, ಅದು ಹಾಲನ್ನೂ ಇಳಿಸುತ್ತೆ, ಗರ್ಭಕೋಶವನ್ನೂ ಹಿಂಡುತ್ತೆ. ಅಂದ್ರೆ ಮರಿ ಕುಡಿದ್ರೆ ಕಸ ಬೀಳೋಕೆ ಸಹಾಯ. ಇನ್ನು ಗಿಣ್ಣು ಕುಡಿದ್ರೆ ಭೇದಿ ಆಗುತ್ತೆ ಅಂತ ಕರೆದು ಚೆಲ್ಲೋರಿದ್ದಾರೆ. ಅವರು ನೋಡೋದು ಮರಿಯ ಮೊದಲ ಕರಿ ಜಿಗಟನ್ನ, ಆಮೇಲೆ ಬರೋ ಹಳದಿ ಅಂಟನ್ನ. ಎರಡೂ ಸಹಜ, ಬಾಲಕ್ಕೆ ಮೆತ್ತಿಕೊಂಡಿದ್ರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದ್ರೆ ಮುಗೀತು. ಚೆಲ್ಲಬೇಕಾದ್ದು ಪ್ರತಿ ತೊಟ್ಟಿನ ಮೊದಲ ಒಂದೆರಡು ಸೆಳೆ ಮಾತ್ರ, ತೊಟ್ಟಿನ ತುದಿಯಲ್ಲಿ ಕಟ್ಟಿರೋ ಮೇಣ ಹೋಗಲಿ ಅಂತ.

ಬಾರ್ಬರಿ ಮರಿ ಹುಟ್ಟಿದಾಗ ಒಂದೂವರೆ ಎರಡು ಕೆಜಿ ಇರುತ್ತೆ. ಕೆಜಿಗೆ 50 ಎಂಎಲ್ ಲೆಕ್ಕದಲ್ಲಿ ಮೊದಲ ಒಂದೆರಡು ಗಂಟೆಯೊಳಗೆ 75ರಿಂದ 100 ಎಂಎಲ್, ಅಂದ್ರೆ ಒಂದು ಸಣ್ಣ ಟೀ ಲೋಟ. ದಿನಕ್ಕೆ ತೂಕದ ಹತ್ತರಲ್ಲಿ ಒಂದು ಭಾಗವಾದ್ರೂ ಹೋಗಬೇಕು, ನಾಲ್ಕೈದು ಸಲಕ್ಕೆ ಹಂಚಿ. ಆದ್ರೆ ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ರೆ ಮೊದ್ಲು ಮರಿನ ಒರೆಸಿ, ಗೋಣಿಚೀಲದಲ್ಲಿ ಸುತ್ತಿ, ಬಿಸಿನೀರಿನ ಬಾಟಲಿ ಪಕ್ಕ ಇಟ್ಟು ಬೆಚ್ಚಗೆ ಮಾಡಿ, ಆಮೇಲೆ ಹಾಲು. ಚೀಪೋ ಶಕ್ತಿ ಇಲ್ಲದ ಮರಿಗೆ ಗೊಟ್ಟದಲ್ಲಿ ಹುಯ್ಯೋದು ದಯವಿಟ್ಟು ಬೇಡ, ಹಾಲು ಶ್ವಾಸಕೋಶಕ್ಕೆ ಹೋಗುತ್ತೆ, ಡಾಕ್ಟರ್ ಹತ್ರ ಟ್ಯೂಬ್ ಹಾಕಿಸಿ. ಹೊಕ್ಕಳಬಳ್ಳಿಗೆ ಟಿಂಕ್ಚರ್ ಅಯೋಡಿನ್ ಅದ್ದಿ, ಬರೀ ಸವರೋದಲ್ಲ, ಪೂರ್ತಿ ಮುಳುಗಿಸೋದು.

ಇನ್ನೊಂದು, ತಾಯಿ ಕಾಣದ ರೋಗದ ಆಂಟಿಬಾಡಿ ಗಿಣ್ಣಲ್ಲಿ ಇರಲ್ಲ. ಅದಕ್ಕೇ ಮರಿ ಹಾಕೋಕೆ ಒಂದು ತಿಂಗಳು ಮುಂಚೆ ತಾಯಿಗೆ ಇಟಿ ಲಸಿಕೆ ಹಾಕಿಸೋದು, ಇಟಿ ಅಂದ್ರೆ ಎಂಟರೋಟಾಕ್ಸೀಮಿಯಾ, ಆ ಕರುಳು ಬೇನೆಯಿಂದ ಮರಿಗೆ ಕಾಪು ಸಿಗುತ್ತೆ. ಸಂತೆಯಲ್ಲಿ ತುಂಬು ಗಬ್ಬದ ಮೇಕೆ ತಂದು ಎರಡೇ ದಿನಕ್ಕೆ ಮರಿ ಹಾಕಿದ್ರೆ ಅದರ ಗಿಣ್ಣಲ್ಲಿರೋದು ಆ ಊರಿನ ರೋಗದ ರಕ್ಷಣೆ, ನಮ್ಮ ರೊಪ್ಪದ್ದಲ್ಲ.

ಈ ಸಲ ನಮ್ಮ ಕೆಂದ ಮೇಕೆ ಮಧ್ಯಾಹ್ನ ಮೂರಕ್ಕೆ ಅವಳಿ ಹಾಕ್ತು. ನಾಲ್ಕು ಗಂಟೆಗೆಲ್ಲ ಎರಡೂ ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡೀತಾ ಬಾಲ ಪಟಪಟ ಆಡಿಸ್ತಿದ್ವು, ಆರು ಗಂಟೆಗೆ ಕಸ ಬಿತ್ತು. ಮರಿಗಳು ಕುಡಿದು ಮಿಕ್ಕ ಗಿಣ್ಣನ್ನ ಫ್ರೀಜರಿನ ಐಸ್ ಟ್ರೇಗೆ ಹುಯ್ದು ಇಟ್ಟಿದ್ದೀನಿ, ಮುಂದೆ ಯಾವ ತಾಯಿಗಾದ್ರೂ ಹಾಲು ಬರದಿದ್ರೆ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ಕೊಡೋಕೆ. ಒಲೆ ಮೇಲೆ ಮಾತ್ರ ಇಡಲ್ಲ. ಬಿಸಿ ಜಾಸ್ತಿ ಆದ್ರೆ ಅದು ಟ್ರೇ ತುಂಬ ಗಿಣ್ಣಾಗಿಬಿಡುತ್ತೆ.