ನೈಟ್ರೇಟ್ ಬಂದ ಬೋರ್‌ವೆಲ್: ಮೊದಲು ಕೇಸಿಂಗ್ ನೋಡಿ

ನೀರು ತಿಳಿಯಾಗಿದೆ. ವಾಸನೆ ಇಲ್ಲ, ಕುಡಿದರೂ ಏನೂ ಗೊತ್ತಾಗುವುದಿಲ್ಲ. ಲ್ಯಾಬ್ ರಿಪೋರ್ಟ್ ಮಾತ್ರ ನೈಟ್ರೇಟ್ 80 ಅನ್ನುತ್ತದೆ. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಪಟ್ಟಣ ಪಂಚಾಯಿತಿಯವರು ಮೋಟಾರ್ ನಿಲ್ಲಿಸಿ, ‘ಈ ನೀರು ಕುಡಿಯಲು ಯೋಗ್ಯವಲ್ಲ’ ಅಂತ ಕೆಂಪಕ್ಷರದಲ್ಲಿ ಬರೆಸುತ್ತಾರೆ. ಅಲ್ಲಿಗೆ ಆ ಬೋರ್‌ವೆಲ್ ಕಥೆ ಮುಗಿಯಿತು ಅಂತಲೇ ಎಲ್ಲರ ಲೆಕ್ಕ. ಎಷ್ಟೋ ಸಲ ಅದು ಮುಗಿದಿರುವುದಿಲ್ಲ.

ಏನು ಮಾಡಿದರೆ ಉಪಯೋಗ ಇಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಬ್ಲೀಚಿಂಗ್ ಪೌಡರ್ ಹಾಕಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹಾಗೇ ಇರುತ್ತದೆ. ಮರಳಿನ ಫಿಲ್ಟರ್ ಕೂಡ ಅಷ್ಟೇ. ಸಾರಿಗೆ ಹಾಕಿದ ಉಪ್ಪನ್ನು ಜರಡಿ ಹಿಡಿದು ತೆಗೆಯೋಕಾಗುತ್ತಾ? ಕುದಿಸಿದರಂತೂ ನೀರು ಆವಿಯಾಗಿ ಹೋಗಿ, ಉಳಿದದ್ದರಲ್ಲಿ ನೈಟ್ರೇಟ್ ಇನ್ನೂ ಜಾಸ್ತಿಯಾಗುತ್ತದೆ. ಕೂಸಿಗೆ ಅಂತ ಚೆನ್ನಾಗಿ ಕುದಿಸಿಟ್ಟ ನೀರೇ ಹೆಚ್ಚು ಕೆಟ್ಟದ್ದು. ಇದರ ಅಪಾಯ ಮುಖ್ಯವಾಗಿ ಆರು ತಿಂಗಳೊಳಗಿನ ಮಕ್ಕಳಿಗೆ. ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಕೆಡಿಸುತ್ತದೆ. ಕೆಟ್ಟ ಹಿಮೋಗ್ಲೋಬಿನ್ ಆಮ್ಲಜನಕ ಹೊರುವುದಿಲ್ಲ, ಮೈ ನೀಲಿಗಟ್ಟುತ್ತದೆ. ಬಾವಿ ನೀರಿನಲ್ಲಿ ಕಲಸಿದ ಹಾಲು ಕುಡಿದ ಕೂಸುಗಳಿಗೆ ಹೀಗಾದದ್ದನ್ನು 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ವರದಿ ಮಾಡಿದರು.

ಈ ನೈಟ್ರೇಟ್ ಬರುವುದೆಲ್ಲಿಂದ? ಯೂರಿಯಾ, ಕೊಟ್ಟಿಗೆ ಗೊಬ್ಬರ, ಪಾಯಖಾನೆ ಗುಂಡಿ, ಮೂರರಲ್ಲೂ ಸಾರಜನಕ ಇದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ನೈಟ್ರೇಟ್ ಹೆಚ್ಚಾಗಿ ಅಂಟುವುದಿಲ್ಲ, ಮಳೆ ನೀರಿನ ಜೊತೆ ಕೆಳಗಿಳಿಯುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಅನ್ನುವುದು ಶಿಫಾರಸು. ಎಕರೆಗೆ 550 ಮರ ಅಂದರೆ 55 ಕೆ.ಜಿ. ಅದರಲ್ಲಿ ಹತ್ತರಲ್ಲೊಂದು ಪಾಲು ತೊಳೆದುಹೋಯಿತು ಅಂತಿಟ್ಟುಕೊಳ್ಳಿ. ಆಮ್ಲಜನಕ ಸೇರಿಕೊಂಡು ನೈಟ್ರೇಟ್ ಆಗುವಷ್ಟರಲ್ಲಿ ಅದು ಸುಮಾರು 24 ಕೆ.ಜಿ. ತೂಗುತ್ತದೆ. ಐದು ಲಕ್ಷ ಲೀಟರ್ ಶುದ್ಧ ನೀರನ್ನು 45ರ ಗೆರೆ ಮುಟ್ಟಿಸಲು ಅಷ್ಟು ಸಾಕು. ಆಗುಂಬೆಯಲ್ಲಾದರೆ ವರ್ಷಕ್ಕೆ 7000 ಮಿಲಿಮೀಟರಿನಷ್ಟು ಮಳೆ ಬಿದ್ದು ಇದೆಲ್ಲ ತೆಳುವಾಗುತ್ತದೆ. ಭದ್ರಾವತಿ, ಶಿಕಾರಿಪುರದ ಕಡೆ ಅಂಥ ಮಳೆ ಎಲ್ಲಿದೆ? ಹಾಗಂತ ತೋಟದವರನ್ನೇ ದೂರುವುದೂ ಸರಿಯಲ್ಲ. ಪೇಟೆಯೊಳಗಿನ ಬೋರ್‌ವೆಲ್ ಪಕ್ಕದಲ್ಲಿ ಸಾಮಾನ್ಯವಾಗಿ ಇರುವುದು ಅಡಿಕೆ ಮರ ಅಲ್ಲ, ಶೌಚಾಲಯದ ಗುಂಡಿ.

ಈಗ ಬೋರ್‌ವೆಲ್ ಒಳಗೆ ನೋಡೋಣ. ನಮ್ಮಲ್ಲಿ ಹಲವು ಕಡೆ ಮೇಲೆ ತೂತು ತೂತಾದ ಜಂಬಿಟ್ಟಿಗೆ, ಅದರಡಿ ಶೇಡಿ ಮಣ್ಣು (ಬಿಳಿಚಾದ ಜೇಡಿ), ಆಮೇಲೆ ಮೆತ್ತಗಾದ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಗೊಬ್ಬರದ, ಗುಂಡಿಯ ನೀರು ಮೊದಲು ಸೇರುವುದು ಮೇಲಿನ ಪದರಕ್ಕೆ. ಮೇಲಿನ ಮಣ್ಣು, ನೀರು ಒಳಗೆ ಬೀಳದಂತೆ ಬೋರ್‌ವೆಲ್‌ಗೆ ಇಳಿಸುವ ಕೇಸಿಂಗ್ ಪೈಪ್ ಗಟ್ಟಿ ಬಂಡೆಯೊಳಗೆ ಇಳಿದು ಕೂರಬೇಕು, ಪೈಪಿನ ಹೊರಗಿನ ಸಂದಿಗೆ ಸಿಮೆಂಟ್ ಹೋಗಬೇಕು. ಕೇಸಿಂಗಿಗೆ ಅಡಿ ಲೆಕ್ಕದಲ್ಲಿ ದುಡ್ಡು. ಹಾಗಾಗಿ ನಾಲ್ಕು ಅಡಿ ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ, ಸಂದಿಗೆ ಸಿಮೆಂಟ್ ಬದಲು ಕೊರೆದ ಮಣ್ಣೇ ಬೀಳುತ್ತದೆ. ಬೋರ್‌ವೆಲ್ ಕ್ಯಾಮೆರಾ ಇಳಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ಪೈಪ್ ಮುಗಿದ ಜಾಗದಲ್ಲಿ ಕಲ್ಲಿನ ಗೋಡೆ ಗುಂಟ ನೀರು ಒಸರುತ್ತಿರುತ್ತದೆ. ಆ ಒಸರಿನದ್ದೂ ಕೆಳಗಿನ ಬಿರುಕುಗಳದ್ದೂ ಬೇರೆ ಬೇರೆ ನೀರು ಹಿಡಿದು ಪರೀಕ್ಷೆ ಮಾಡಿಸಬೇಕು. ಮೇಲಿನದ್ದು ಮಾತ್ರ ಕೆಟ್ಟಿದ್ದರೆ, ಒಳಗೆ ಸಣ್ಣ ಅಳತೆಯ ಪೈಪ್ ಆಳದವರೆಗೆ ಇಳಿಸಿ, ಅದರ ಹೊರಗಿನ ಸಂದಿಗೆ ಸಿಮೆಂಟ್ ತುಂಬಿ ಒಸರನ್ನು ಮುಚ್ಚಬಹುದು. ನೀರಿನ ಪ್ರಮಾಣ ಕಡಿಮೆಯಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಳದ ನೀರಿಗೆ ಅದರದ್ದೇ ಕಿರಿಕಿರಿ. ಬಿಳಿ ಬಟ್ಟೆ ಕೆಂಪಾಗುವ, ಬಕೆಟ್ಟಿನ ತಳದಲ್ಲಿ ತುಕ್ಕು ಕೂರುವ ನೀರನ್ನು ಯಾರೂ ಇಷ್ಟಪಡುವುದಿಲ್ಲ. ಆದರೆ ಅಂಥ ನೀರಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಕಡಿಮೆ. ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನೇ ಉಸಿರಾಡಿ ಸಾರಜನಕದ ಗಾಳಿಯಾಗಿ ಬಿಟ್ಟುಬಿಡುತ್ತವೆ. ನೈಟ್ರೇಟ್ ಖಾಲಿಯಾದ ಮೇಲೆ ಕಲ್ಲಿನ ಕಬ್ಬಿಣ ನೀರಿಗೆ ಬಿಡುತ್ತದೆ. ಕಬ್ಬಿಣಕ್ಕೆ ಗಾಳಿ ಆಡಿಸಿ, ಮರಳಿನಲ್ಲಿ ಸೋಸಿದರೆ ಬಹಳಷ್ಟು ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ತುಕ್ಕು ನೀರನ್ನೇ ಆರಿಸುತ್ತೇನೆ.

ಒಸರು ಮುಚ್ಚಿದರೂ ಇಳಿಯದಿದ್ದರೆ ಬೆರೆಸುವ ದಾರಿ ಇದೆ. ತುಂಗೆಯ ನೀರು ಬರುವ ಊರಿನಲ್ಲಿ ಇದು ಸುಲಭ. ನದಿ ನೀರಿನಲ್ಲಿ 5, ಬೋರ್‌ವೆಲ್‌ನಲ್ಲಿ 80 ಇದ್ದರೆ, ಆರು ಪಾಲು ನದಿ ನೀರಿಗೆ ನಾಲ್ಕು ಪಾಲು ಬೋರ್ ನೀರು ಸೇರಿಸಿದಾಗ 35ಕ್ಕೆ ಬರುತ್ತದೆ. ಆದರೆ ಎರಡೂ ಟ್ಯಾಂಕಿನಲ್ಲೇ ಬೆರೆಯಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಬಿಟ್ಟರೆ ಅದು ಬೆರೆಸಿದ ಹಾಗಲ್ಲ.

ಯಂತ್ರ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಕಾಸು ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕದ ಆರ್‌ಒ (ನೀರನ್ನು ಒತ್ತಡದಲ್ಲಿ ಪೊರೆಯ ಮೂಲಕ ಸೋಸುವ ಯಂತ್ರ) ನೈಟ್ರೇಟ್ ತೆಗೆಯುತ್ತದೆ, ಸುಳ್ಳಲ್ಲ. ತೆಗೆದದ್ದು ಎಲ್ಲಿಗೆ ಹೋಯಿತು? ಎಷ್ಟೋ ಕಡೆ ಘಟಕದ ಹಿಂದಿನ ಪೈಪಿನಿಂದ ಚರಂಡಿಗೆ, ಅಲ್ಲಿಂದ ಮತ್ತೆ ಅದೇ ನೆಲಕ್ಕೆ. ರಾಳದ ಅಯಾನು ವಿನಿಮಯ ಯಂತ್ರ (ರಾಳದ ಮಣಿಗಳು ನೈಟ್ರೇಟ್ ಹಿಡಿದು, ಬದಲಿಗೆ ಕ್ಲೋರೈಡ್ ಬಿಡುತ್ತವೆ) ನೀರು ಕಡಿಮೆ ಹಾಳು ಮಾಡುತ್ತದೆ, ಆದರೆ ರಾಳ ತೊಳೆದ ಉಪ್ಪುನೀರನ್ನು ಎಲ್ಲಿ ಸುರಿಯುವುದು ಅನ್ನುವ ಪ್ರಶ್ನೆ ಅಲ್ಲೂ ಇದೆ. ಜೊತೆಗೆ ಮಾಮೂಲಿ ರಾಳ ನೈಟ್ರೇಟ್‌ಗಿಂತ ಸಲ್ಫೇಟನ್ನು ಮೊದಲು ಹಿಡಿಯುತ್ತದೆ. ಸಕಾಲಕ್ಕೆ ತೊಳೆಯದಿದ್ದರೆ ಹಿಡಿದಿಟ್ಟ ನೈಟ್ರೇಟನ್ನು ಒಮ್ಮೆಲೇ ನಲ್ಲಿಗೆ ಬಿಟ್ಟುಬಿಡಬಹುದು.

ಮತ್ತೆ ನಲ್ಲಿಗೆ ನೀರು ಬಿಡುವ ಮುಂಚೆ ಕೆಲವು ಗಂಟೆ ಮೋಟಾರ್ ಓಡಿಸಿ ಸುಮ್ನೆ ನೀರು ಹೊರಗೆ ಬಿಟ್ಟು, ಆಮೇಲೆ ಮಾದರಿ ಹಿಡಿಯಬೇಕು. ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು, ಇಲ್ಲದಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾಗಳು ಅಂಕಿ ಬದಲಾಯಿಸುತ್ತವೆ. ರಿಪೋರ್ಟಿನಲ್ಲಿ 12 ಅಂತಿದ್ದರೆ ಖುಷಿಪಡುವ ಮೊದಲು ಅದು ಯಾವ ಅಳತೆಯಲ್ಲಿದೆ ನೋಡಿ. ‘ಸಾರಜನಕವಾಗಿ’ ಅಂತಿದ್ದರೆ ಅದರ ಮಿತಿ ಸುಮಾರು 10, ಅಂದರೆ ನೀರು ಇನ್ನೂ ಪಾಸಾಗಿಲ್ಲ. ಬೇಸಿಗೆಯ ಒಂದೇ ರಿಪೋರ್ಟ್ ನಂಬಿ ನಲ್ಲಿಗೆ ಬಿಡುವುದೂ ಬೇಡ. ಮುಂಗಾರಿನ ಮೊದಲ ಜೋರು ಮಳೆಗಳು ಮಣ್ಣಿನಲ್ಲಿ ಕೂತ ನೈಟ್ರೇಟನ್ನು ಕೆಳಗೆ ತಳ್ಳುತ್ತವೆ. ಆಗ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಅಂಕಿ ಏರಿದ್ದರೆ ಬೋರ್‌ವೆಲ್ ವಾಲ್ವ್ ಸ್ವಲ್ಪ ಮುಚ್ಚಿ, ನದಿ ನೀರಿನ ಪಾಲು ಹೆಚ್ಚಿಸಬೇಕು.