ಎಲ್ಲಿಯವರೆಗೆ ಬಂದು ನಿಂತಿತು?

ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರನ್ನು ದೂಳು ತೆಗೆಯಲೆಂದು ಬಿಚ್ಚಿ, ಒರೆಸಿ, ಮೊದಲಿನಂತೆಯೇ ಸೇರಿಸಿ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದರೂ ಪರದೆ ಕಪ್ಪಾಗಿಯೇ ಉಳಿದರೆ, ಏನೋ ಸುಟ್ಟುಹೋಯಿತೆಂಬ ಭಯವೇ ಮೊದಲು ಬರುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಯಂತ್ರ ಹೀಗೆ ನಿಂತಾಗ ನನಗೂ ಬಂದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೊಂದಾಗಿ ಆರಿಸಿ ತಂದ ಭಾಗಗಳವು: ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್, ಡಿಡಿಆರ್4 ಮಾದರಿಯ ರ‍್ಯಾಮಿನ ಎರಡು ಪಟ್ಟಿ, ನಾಲ್ಕು ತಿರುಪುಗಳಿಂದ ಬಿಗಿಯುವ ಎತ್ತರದ ಕೂಲರ್. ಅಂದು ರ‍್ಯಾಮ್ ಪಟ್ಟಿಗಳನ್ನೂ ಕೂಲರನ್ನೂ ತೆಗೆದು, ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದ್ದನ್ನು ಒರೆಸಿ ಹೊಸದನ್ನು ಹಚ್ಚಿ, ಎಲ್ಲವನ್ನೂ ಮತ್ತೆ ಕೂರಿಸಿದ್ದೆ.

ಇಂಥ ಹೊತ್ತಿನಲ್ಲಿ ಯಾವ ಭಾಗ ಕೆಟ್ಟಿತು ಎಂದು ಹುಡುಕಲು ಹೊರಡುವ ಬದಲು ಯಂತ್ರ ಎಲ್ಲಿಯವರೆಗೆ ಬಂದು ನಿಂತಿತು ಎಂದು ನೋಡುವುದು ಮೇಲು ಎಂದು ನಾನು ನಂಬಿದ್ದೇನೆ. ಬೆಳಿಗ್ಗೆ ಓಡುತ್ತಿದ್ದ ಯಂತ್ರದ ಚಿಪ್ಪು ಮಧ್ಯಾಹ್ನದ ಹೊತ್ತಿಗೆ ಸತ್ತುಹೋಗುವ ಸಂಭವ ಕಡಿಮೆ. ಕೈ ತಾಗಿದ ಕಡೆ ಯಾವುದೋ ಜೋಡಣೆ ಸರಿಯಾಗಿ ಕೂರದಿರುವ ಸಂಭವ ಬಹಳ ಹೆಚ್ಚು. ಅದು ಎಲ್ಲಿ ಎಂದು ತಿಳಿಯಬೇಕಾದರೆ, ಗುಂಡಿ ಒತ್ತಿದ ಮೇಲೆ ಒಳಗೆ ಏನೇನು ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದು ಗೊತ್ತಿರಬೇಕು.

ಕ್ಯಾಬಿನೆಟ್ಟಿನ ಗುಂಡಿ ಮನೆಯ ದೀಪದ ಸ್ವಿಚ್ಚಿನಂತೆ ವಿದ್ಯುತ್ತಿನ ದಾರಿಯಲ್ಲಿ ಕುಳಿತಿಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಪದ್ಧತಿಯಲ್ಲಿ, ಹಿಂಬದಿಯ ಸ್ವಿಚ್ ಹಾಕಿದ ಕೂಡಲೇ, ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದಂತೆ ಮಾರ್ಪಡಿಸಿ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ 5 ವೋಲ್ಟಿನ ಸಣ್ಣದೊಂದು ಕಾವಲು ವಿದ್ಯುತ್ತನ್ನು, ಎಲ್ಲ ಭಾಗಗಳೂ ಕೂಡುವ ಫಲಕವಾದ ಮದರ್‌ಬೋರ್ಡಿಗೆ ಕೊಡುತ್ತಿರುತ್ತದೆ. ಮುಂದಿನ ಗುಂಡಿ ಒತ್ತಿದಾಗ ಎರಡು ಪಿನ್ನುಗಳು ಒಂದು ಕ್ಷಣ ಕೂಡುತ್ತವೆ. ಅದನ್ನು ಕಂಡ ಮದರ್‌ಬೋರ್ಡ್, ತನಗೂ ಎಸ್‌ಎಂಪಿಎಸ್‌ಗೂ ನಡುವಿನ ಒಂದು ತಂತಿಯ ವೋಲ್ಟೇಜನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ, ಪೂರ್ತಿ ಶಕ್ತಿ ಬೇಕೆಂದು ತಿಳಿಸುತ್ತದೆ. ಆಗ 12, 5 ಮತ್ತು 3.3 ವೋಲ್ಟಿನ ಸಾಲುಗಳು ಏಳುತ್ತವೆ. ಅವು ನಿಗದಿತ ಮಿತಿಯೊಳಗೆ ಸ್ಥಿರಗೊಂಡು, 100ರಿಂದ 500 ಮಿಲಿಸೆಕೆಂಡ್ ಕಳೆದ ಮೇಲಷ್ಟೇ ಎಸ್‌ಎಂಪಿಎಸ್ ಮತ್ತೊಂದು ತಂತಿಯ ಮೂಲಕ ‘ವಿದ್ಯುತ್ ಸರಿಯಿದೆ’ ಎಂಬ ಸಂಕೇತ ಕಳಿಸುತ್ತದೆ. ಅದು ಬರುವವರೆಗೂ ಪ್ರೊಸೆಸರನ್ನು ರೀಸೆಟ್ ಸ್ಥಿತಿಯಲ್ಲೇ ತಡೆದಿಡಲಾಗುತ್ತದೆ. ತಡೆ ತೆಗೆದ ಮೇಲೆ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು 4 ಜಿಬಿ ವಿಳಾಸವ್ಯಾಪ್ತಿಯ (ಅದು ತಲುಪಬಲ್ಲ ಸ್ಮೃತಿಯ ಜಾಗಗಳ ಸಾಲಿನ) ತುದಿಯಿಂದ 16 ಬೈಟ್ ಕೆಳಗಿನ ಜಾಗದಿಂದ ಓದುತ್ತದೆ. 1978ರ 8086 ಚಿಪ್ಪಿನಲ್ಲೂ ಮೊದಲ ಆದೇಶ ತುದಿಯಿಂದ 16 ಬೈಟ್ ಕೆಳಗೇ ಇತ್ತು. ಅಂದು ಆ ವ್ಯಾಪ್ತಿ 1 ಎಂಬಿ ಮಾತ್ರ. ಇಂದಿನ ಯಂತ್ರದಲ್ಲಿ ಆ ಮೊದಲ ವಿಳಾಸದಲ್ಲಿ ಸಿಗುವುದು ಮದರ್‌ಬೋರ್ಡಿನ ಪುಟ್ಟ ಫ್ಲ್ಯಾಶ್ ಚಿಪ್ಪಿನೊಳಗಿನ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ. ಆ ಹೊತ್ತಿಗೆ ರ‍್ಯಾಮ್ ಇನ್ನೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲವಾದ್ದರಿಂದ, ಬಯಾಸ್ ಪ್ರೊಸೆಸರಿನ ಒಳಗಿನ ಕ್ಯಾಶ್ ಸ್ಮೃತಿಯನ್ನೇ ತಾತ್ಕಾಲಿಕ ರ‍್ಯಾಮ್ ಆಗಿ ಬಳಸಿಕೊಂಡು, ನಿಜವಾದ ರ‍್ಯಾಮನ್ನು ಎಬ್ಬಿಸಲು ತೊಡಗುತ್ತದೆ. ಗ್ರಾಫಿಕ್ಸ್, ಡಿಸ್ಕ್, ವಿಂಡೋಸ್ ಅಥವಾ ಲಿನಕ್ಸ್, ಎಲ್ಲವೂ ಅದಾದ ಮೇಲೆ. ಪರದೆಯಲ್ಲಿ ಒಂದು ಗೆರೆ ಮೂಡುವ ಮುನ್ನ ಇಷ್ಟು ಮಂದಿಯ ಒಪ್ಪಿಗೆ ಬೇಕು.

ಈ ಕ್ರಮ ಗೊತ್ತಿದ್ದರೆ ಮೌನದಲ್ಲೂ ಸುಳಿವು ಸಿಗುತ್ತದೆ. ಗುಂಡಿ ಒತ್ತಿದರೆ ಏನೂ ಆಗದಿದ್ದರೆ ಹಿಂಬದಿಯ ಸ್ವಿಚ್, 24 ಪಿನ್ನಿನ ದಪ್ಪ ಕೇಬಲ್ ಮತ್ತು ಗುಂಡಿಯ ಸಣ್ಣ ತಂತಿ, ಈ ಮೂರನ್ನು ನೋಡಬೇಕು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಂಡಿದೆ ಎಂದು ಊಹಿಸಬಹುದು. ಮದರ್‌ಬೋರ್ಡಿನ ಕೆಳಗೆ ತೂತಿಲ್ಲದ ಕಡೆ ಉಳಿದ, ಬೋರ್ಡನ್ನು ಎತ್ತಿ ಹಿಡಿಯುವ ಒಂದು ಹಿತ್ತಾಳೆಯ ಪುಟ್ಟ ಕಂಬ, ಜಾರಿಬಿದ್ದ ಒಂದು ತಿರುಪು ಇದಕ್ಕೆ ಸಾಕು. ಹಾಗಾದಾಗ ಮದರ್‌ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ತೀರ ಅಗತ್ಯವಾದ ಭಾಗಗಳನ್ನಷ್ಟೇ ಸೇರಿಸಿ ನೋಡುವುದು ಒಳ್ಳೆಯದು. ಫ್ಯಾನುಗಳು ಎಡೆಬಿಡದೆ ತಿರುಗುತ್ತಿದ್ದರೂ ಯಾವ ಹಂತದಲ್ಲಿ ನಿಂತಿದೆಯೆಂದು ತೋರಿಸಲು ಬೋರ್ಡಿನ ಮೂಲೆಯಲ್ಲಿರುವ ಪುಟ್ಟ ದೀಪಗಳ ಪೈಕಿ ಸಿಪಿಯು (ಪ್ರೊಸೆಸರ್) ದೀಪ ಉರಿಯುತ್ತಿದ್ದರೆ, ಪ್ರೊಸೆಸರಿಗೇ ಮೀಸಲಾದ 8 ಪಿನ್ನಿನ 12 ವೋಲ್ಟ್ ಕೇಬಲ್ ಮರೆತಿರಬಹುದು. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು: ಅದರೊಳಗಿನ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗೂ ಹೆಚ್ಚು ಹಿಡಿದಿಟ್ಟುಕೊಂಡಿರಬಲ್ಲದು.

ನನ್ನ ಬೋರ್ಡಿನಲ್ಲಿ ಉರಿಯುತ್ತಿದ್ದುದು ರ‍್ಯಾಮ್ ದೀಪ. ವಿದ್ಯುತ್ತಿನ ಹಂತ, ಮೊದಲ ಆದೇಶದ ಹಂತ ಎರಡೂ ದಾಟಿದ್ದವು ಎಂದಾಯಿತು. ಪಟ್ಟಿಗಳನ್ನು ತೆಗೆದು, ಚಿನ್ನದ ಲೇಪದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಎರಡು ತುದಿಯಲ್ಲೂ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದೆ. ದೀಪ ಆರಲಿಲ್ಲ. ಪ್ಲಗ್ ಕಿತ್ತು, 3 ವೋಲ್ಟಿನ ಬಟನ್ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟು ಬಯಾಸ್‌ನ ನೆನಪನ್ನೂ (ಅದರಲ್ಲಿ ಉಳಿದಿದ್ದ ಆಯ್ಕೆಗಳನ್ನು) ಅಳಿಸಿದೆ. ಆಗಲೂ ಅಷ್ಟೇ.

ಬಳಿಕ ಒಂದೇ ಪಟ್ಟಿಯನ್ನು ಪ್ರೊಸೆಸರಿನಿಂದ ಎರಡನೆಯ ಸ್ಲಾಟಿನಲ್ಲಿಟ್ಟೆ. ಯಂತ್ರ ಎದ್ದಿತು. ಅದನ್ನೇ ನಾಲ್ಕನೆಯದಕ್ಕೆ ಬದಲಿಸಿದರೆ ಏಳಲಿಲ್ಲ. ಇನ್ನೊಂದು ಪಟ್ಟಿಯೂ ಎರಡನೆಯದರಲ್ಲಿ ಎದ್ದು ನಾಲ್ಕನೆಯದರಲ್ಲಿ ನಿಂತಿತು. ನಾಲ್ಕು ಸಲ ಗುಂಡಿ ಒತ್ತಿದ್ದರಿಂದ ಪಟ್ಟಿಗಳೆರಡೂ ಚೆನ್ನಾಗಿವೆ, ತೊಡಕಿರುವುದು ಎರಡನೆಯ ಚಾನೆಲ್ಲಿನಲ್ಲಿ, ಅಂದರೆ ನಾಲ್ಕನೆಯ ಸ್ಲಾಟನ್ನು ಪ್ರೊಸೆಸರಿಗೆ ಜೋಡಿಸುವ ತಂತಿಗಳ ಸಾಲಿನಲ್ಲಿ, ಎಂಬುದು ಖಚಿತವಾಯಿತು. ಇಲ್ಲಿ ಸ್ಲಾಟ್ ಹಾಳಾಗಿದೆ, ಮದರ್‌ಬೋರ್ಡ್ ಬದಲಿಸಬೇಕು ಎಂದು ತೀರ್ಮಾನಿಸಿಬಿಡುವುದು ಸುಲಭ. ಆದರೆ ಆ ಚಾನೆಲ್ಲಿನ ತಂತಿಗಳು ಸ್ಲಾಟಿನಲ್ಲಿ ಕೊನೆಗೊಳ್ಳುವುದಿಲ್ಲ. ಇಂಟೆಲ್‌ನ ಮೇಜಿನ ಕಂಪ್ಯೂಟರುಗಳಲ್ಲಿ 2008ರವರೆಗೆ ರ‍್ಯಾಮನ್ನು ನಿಯಂತ್ರಿಸುವ ಸರ್ಕಿಟ್ ಮದರ್‌ಬೋರ್ಡಿನ ಬೇರೊಂದು ಚಿಪ್ಪಿನಲ್ಲಿತ್ತು; ಆಮೇಲೆ ಅದು ಪ್ರೊಸೆಸರಿನ ಒಳಗೇ ಸೇರಿಕೊಂಡಿತು. ಹಾಗಾಗಿ ರ‍್ಯಾಮ್ ದೀಪ ಉರಿದರೆ ದೋಷ ಪಟ್ಟಿಯಲ್ಲಿರಬಹುದು, ಸ್ಲಾಟಿನಲ್ಲಿರಬಹುದು, ಪ್ರೊಸೆಸರಿನ ಅಡಿಯಲ್ಲೂ ಇರಬಹುದು. ಅಂದು ನಾನು ಕೈಹಾಕಿದ್ದು ಪ್ರೊಸೆಸರಿನ ಮೇಲೆಯೇ.

ಆ ಪ್ರೊಸೆಸರಿನ ಅಡಿ, 37.5 ಮಿ.ಮೀ. ಅಗಲ, 45 ಮಿ.ಮೀ. ಉದ್ದದ ಜಾಗದಲ್ಲಿ, ಕೂದಲಿನಂಥ 1,700 ಸ್ಪ್ರಿಂಗುಗಳಿವೆ. ಪ್ರತಿಯೊಂದೂ ತುಸು ಬಾಗಿ, ಮೇಲಿನ ಚಿನ್ನದ ಬಿಲ್ಲೆಗೆ ಒತ್ತಿಕೊಂಡಿರಬೇಕು. ಕಣ್ಣಿಗೆ ನಯವಾಗಿ ಕಂಡರೂ ಲೋಹದ ಮೇಲ್ಮೈ ಸೂಕ್ಷ್ಮದರ್ಶಕದಡಿ ಗುಡ್ಡ-ಕಣಿವೆಗಳ ನೆಲದಂತಿರುತ್ತದೆ. ಎರಡು ಲೋಹಗಳು ನಿಜವಾಗಿ ಮುಟ್ಟುವುದು ಕೆಲವೇ ಶಿಖರಗಳಲ್ಲಿ. ಒತ್ತಡ ಹೆಚ್ಚಿದಂತೆ ಆ ಶಿಖರಗಳು ಚಪ್ಪಟೆಯಾಗಿ ಮುಟ್ಟುವ ಜಾಗ ಹೆಚ್ಚುತ್ತದೆ, ವಿದ್ಯುತ್ತಿಗೆ ಎದುರಾಗುವ ಪ್ರತಿರೋಧ ಇಳಿಯುತ್ತದೆ. ಕೂಲರಿನ ಒಂದು ಮೂಲೆ ಅತಿಯಾಗಿ ಬಿಗಿದು ಎದುರಿನ ಮೂಲೆ ಸಡಿಲವಾಗಿದ್ದರೆ ಪ್ರೊಸೆಸರ್ ಕೂದಲೆಳೆಯಷ್ಟು ವಾಲುತ್ತದೆ. ಆ ಮೂಲೆಯ ಕೆಲವು ಸ್ಪ್ರಿಂಗುಗಳ ಒತ್ತಡ ಕುಗ್ಗಿದರೂ ಒಂದಿಡೀ ಚಾನೆಲ್ ಕಾಣೆಯಾಗುತ್ತದೆ. ಕೂಲರಿನ ತಿರುಪುಗಳನ್ನು ಮುಟ್ಟಿ ನೋಡಿದೆ: ಒಂದು ಕೊನೆಯವರೆಗೆ ಬಿಗಿದಿತ್ತು, ಅದರ ಕರ್ಣದ ತುದಿಯದು ಬೆರಳಿಗೇ ತಿರುಗುತ್ತಿತ್ತು.

ನಾಲ್ಕನ್ನೂ ಸಡಿಲಿಸಿ, ಎದುರುಬದುರಿನ ತಿರುಪುಗಳನ್ನು ಎರಡೆರಡು ಸುತ್ತಿನಂತೆ ಸರದಿಯಲ್ಲಿ ತಿರುಗಿಸುತ್ತ, ಕಾರಿನ ಚಕ್ರದ ನಟ್ಟುಗಳನ್ನು ಬಿಗಿಯುವ ಕ್ರಮದಲ್ಲೇ ಬಿಗಿದೆ. ಪಟ್ಟಿಗಳನ್ನು ಅವವುಗಳ ಜಾಗದಲ್ಲಿಟ್ಟು ಗುಂಡಿ ಒತ್ತಿದೆ. ರ‍್ಯಾಮ್ ದೀಪ ಮತ್ತೆ ಹೊತ್ತಿಕೊಂಡಿತು. ಈ ಘಟ್ಟದಲ್ಲಿ ಅವಸರಪಟ್ಟು ವಿದ್ಯುತ್ ಕಡಿಯಬಾರದು. ತಂತಿಯೊಂದಕ್ಕೆ ಸೆಕೆಂಡಿಗೆ 320 ಕೋಟಿ ಬಿಟ್ ಸಾಗಿಸುವ 3200ರ ವೇಗದ ರ‍್ಯಾಮಿನಲ್ಲಿ ಒಂದು ತಂತಿಯ ಮೇಲೆ ಒಂದು ಬಿಟ್ ನಿಲ್ಲುವುದು 0.3125 ನ್ಯಾನೊಸೆಕೆಂಡ್ ಮಾತ್ರ. ಅಷ್ಟರಲ್ಲಿ ನಿರ್ವಾತದಲ್ಲಿ ಬೆಳಕು ಕ್ರಮಿಸುವುದು 9 ಸೆಂ.ಮೀ.ಗಿಂತ ತುಸು ಹೆಚ್ಚು, ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಸಾಗುವುದು ಅದರ ಸುಮಾರು ಅರ್ಧ. ಮದರ್‌ಬೋರ್ಡಿನಲ್ಲಿ ರ‍್ಯಾಮಿನ ಗೆರೆಗಳು ಹಾವಿನಂತೆ ಅಂಕುಡೊಂಕಾಗಿರುವುದು ಎಲ್ಲದರ ಉದ್ದವನ್ನೂ ಸಮವಾಗಿಡಲೆಂದೇ. ಅಷ್ಟಾದರೂ ಉಳಿಯುವ ಸಣ್ಣ ವ್ಯತ್ಯಾಸಗಳನ್ನು ಬಯಾಸ್ ತಾನೇ ಅಳೆದು, ಪ್ರತಿ ತಂತಿಗೂ ಹೊಂದುವ ಕಾಲವನ್ನು ಗೊತ್ತುಮಾಡಬೇಕು. ನೆನಪು ಅಳಿಸಿದ ಬಯಾಸ್ ಇದನ್ನು ಮೊದಲಿನಿಂದ ಮಾಡುತ್ತದೆ. ಡಿಡಿಆರ್5 ಯಂತ್ರಗಳಲ್ಲಿ ಇದಕ್ಕೆ ಕೆಲವು ನಿಮಿಷಗಳೇ ಹಿಡಿಯಬಹುದು.

ಒಂದು ನಿಮಿಷಕ್ಕೆ ತುಸು ಮುನ್ನ ದೀಪ ಆರಿತು, ಪರದೆ ಬೆಳಗಿತು. ಬಯಾಸ್ ಪುಟದಲ್ಲಿ ರ‍್ಯಾಮಿನ ಎರಡೂ ಪಟ್ಟಿಗಳು ಎರಡು ಚಾನೆಲ್ಲಿನಲ್ಲಿ ಕಂಡವು. ತಾರೀಖು ಮಾತ್ರ ಹಲವು ವರ್ಷ ಹಿಂದಿನದಿತ್ತು, ಬ್ಯಾಟರಿ ತೆಗೆದಾಗ ಗಡಿಯಾರವೂ ನಿಂತಿತ್ತಲ್ಲ. ತಾರೀಖು ತಪ್ಪಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳನ್ನು ಬ್ರೌಸರ್ ಒಪ್ಪುವುದಿಲ್ಲವಾದ್ದರಿಂದ, ಅದನ್ನು ಸರಿಪಡಿಸಿ ಕ್ಯಾಬಿನೆಟ್ಟಿನ ಬಾಗಿಲು ಹಾಕಿದೆ.