ಬೆಳಕಿನ ಬೀಗ ಎಷ್ಟು ಭದ್ರ?

ಪ್ರಶ್ನೆ: ನಮ್ಮ ಕುಟುಂಬದ ಜಮ್ಮಾ ಜಮೀನಿನ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ಬೆಳಕನ್ನೇ ಬಳಸಿ ಚಿತ್ರಗಳನ್ನು ಗೂಢಲಿಪಿಗೆ ಬದಲಿಸುವ ವಿಧಾನವಿದೆಯಂತೆ. ಅದು ಕಂಪ್ಯೂಟರಿನ ಸಾಮಾನ್ಯ ಗೂಢಲಿಪಿಗಿಂತ ಭದ್ರವೇ?
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ವಿಧಾನವಿರುವುದು ನಿಜ, ಆದರೆ ನಿಮ್ಮ ದಾಖಲೆಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಈ ಕ್ಷೇತ್ರದ ಬಹಳಷ್ಟು ಸಂಶೋಧನೆಗೆ ಬುನಾದಿಯಾದದ್ದು 1995ರಲ್ಲಿ ಫಿಲಿಪ್ ರೆಫ್ರೆಜಿಯೆ ಮತ್ತು ಬಹ್ರಾಮ್ ಜಾವಿದಿ ಪ್ರಕಟಿಸಿದ ವಿಧಾನ. ಇದರಲ್ಲಿ ಲೇಸರ್ ಬೆಳಕು ಚಿತ್ರವನ್ನು ಹಾದು, ಅದಕ್ಕೆ ತಾಗಿಕೊಂಡಿರುವ ಪಾರದರ್ಶಕ ಫಲಕವೊಂದನ್ನು ದಾಟುತ್ತದೆ. ಫಲಕವು ಬೆಳಕನ್ನು ಎಲ್ಲಿಯೂ ತಡೆಯದೆ, ಬಿಂದುವಿನಿಂದ ಬಿಂದುವಿಗೆ ಗೊತ್ತುಗುರಿಯಿಲ್ಲದಂತೆ ತರಂಗದ ಪ್ರಾವಸ್ಥೆಯನ್ನು (ಏರಿಳಿತದ ಯಾವ ಹಂತದಲ್ಲಿದೆ ಎಂಬುದನ್ನು) ಮಾತ್ರ ಬದಲಿಸುತ್ತದೆ. ಮುಂದೆ ಮಸೂರವೊಂದು ಆ ಬೆಳಕಿನ ಫೋರಿಯರ್ ರೂಪಾಂತರವನ್ನು, ಅಂದರೆ ಅದನ್ನು ದಟ್ಟ-ವಿರಳ ಅಲೆಗಳಾಗಿ ಬಿಡಿಸಿದ ರೂಪವನ್ನು, ಮೂಡಿಸುತ್ತದೆ. ಅಲ್ಲಿ ಎರಡನೆಯ ಫಲಕ, ಅದರಾಚೆ ಇನ್ನೊಂದು ಮಸೂರ. ಕೊನೆಗೆ ದೊರೆಯುವುದು ಸಿಗ್ನಲ್ ಇಲ್ಲದ ಹಳೆಯ ಟೀವಿಯಲ್ಲಿ ಕಾಣುವಂಥ ಚುಕ್ಕೆಗಳ ಗೊಂದಲ. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತಾಗ ಎದುರಿನ ಬೆಟ್ಟವನ್ನು ಮರೆಮಾಡುವ ಮಂಜೂ ಬೆಳಕನ್ನು ಹೀಗೆಯೇ ಚದುರಿಸುತ್ತದೆ; ಫಲಕವನ್ನು ಹನಿಹನಿಯ ಲೆಕ್ಕವೂ ಒಡೆಯನ ಬಳಿಯಿರುವ ಮಂಜು ಎನ್ನಬಹುದು. ಆ ಲೆಕ್ಕವೇ ಕೀಲಿ.

ಎರಡು ಫಲಕಗಳಿದ್ದರೂ, ಕ್ಯಾಮೆರಾ ಬೆಳಕಿನ ತೀವ್ರತೆಯನ್ನಷ್ಟೇ ಅಳೆಯುವುದರಿಂದ, ಸಾಮಾನ್ಯ ಚಿತ್ರವನ್ನು ಬಿಡಿಸಲು ಮೊದಲನೆಯ ಫಲಕ ಬೇಕಾಗುವುದೇ ಇಲ್ಲ. ಎರಡನೆಯದು 512 × 512 ಬಿಂದುಗಳದ್ದಾದರೆ ಊಹಿಸಬೇಕಾದ ಬೆಲೆಗಳು 2,62,144. ಈ ಸಂಖ್ಯೆಯನ್ನು ತೋರಿಸಿ ಭದ್ರತೆಯನ್ನು ಕೊಂಡಾಡುವುದುಂಟು, ಆದರೆ ಕೀಲಿಯನ್ನು ಊಹಿಸುತ್ತಾ ಕೂರುವ ಕಳ್ಳನಿಲ್ಲ. ಇಡೀ ಕ್ರಿಯೆ ರೇಖೀಯವಾದುದರಿಂದ (ಎರಡು ಚಿತ್ರಗಳನ್ನು ಕೂಡಿಸಿದರೆ ಅವುಗಳ ಗೂಢರೂಪಗಳೂ ಹಾಗೆಯೇ ಕೂಡಿಕೊಳ್ಳುವುದರಿಂದ), ಕಪ್ಪು ಹಿನ್ನೆಲೆಯಲ್ಲಿ ಒಂದೇ ಬೆಳಗುವ ಬಿಂದುವಿರುವ ಚಿತ್ರವನ್ನು ಅದೇ ಫಲಕಗಳ ಮೂಲಕ ಹಾಯಿಸುವ ಅವಕಾಶ ಎದುರಾಳಿಗೆ ಸಿಕ್ಕರೆ, ಹೊರಬಂದದ್ದರ ಫೋರಿಯರ್ ರೂಪಾಂತರದಲ್ಲಿ ಎರಡನೆಯ ಫಲಕವೇ ಬಯಲಾಗುತ್ತದೆ. ಮೂಲಚಿತ್ರ ಮತ್ತು ಅದರ ಗೂಢರೂಪ ಎರಡೂ ಕೈಸೇರಿದರೂ ಕೀಲಿಯನ್ನು ಲೆಕ್ಕಹಾಕಬಹುದೆಂದು 2006ರ ವೇಳೆಗೇ ಸಂಶೋಧಕರು ತೋರಿಸಿದ್ದರು. ದೆಹಲಿಯ ಐಐಟಿಯ ಸಂಶೋಧಕರು 2000ದಲ್ಲಿ ಭಿನ್ನಾಂಕ ಫೋರಿಯರ್ ರೂಪಾಂತರವನ್ನು (ಆ ರೂಪಾಂತರವನ್ನು ಪೂರ್ತಿಯಾಗಿ ಮಾಡದೆ ಒಂದು ಭಾಗದಷ್ಟು ಮಾಡುವ ಬಗೆಯನ್ನು) ಬಳಸಿ ಕೀಲಿಯ ಸಂಖ್ಯೆಗಳನ್ನು ಹೆಚ್ಚಿಸಿದರೂ, ರೇಖೀಯತೆ ಹಾಗೆಯೇ ಉಳಿಯಿತು.

ಇನ್ನು, ನಿಜವಾದ ಮಸೂರಗಳಿಂದಲೇ ಇದನ್ನು ಮಾಡಹೊರಟರೆ ಪ್ರಾವಸ್ಥೆಯನ್ನು ದಾಖಲಿಸಲು ಹೋಲೋಗ್ರಫಿ ಬೇಕು, ಫಲಕ ಕೂದಲೆಳೆಯಷ್ಟು ಸರಿದರೂ ಚಿತ್ರ ಮರಳುವುದಿಲ್ಲ. ಬೆಳಕಿನ ವೇಗದಲ್ಲಿ ಇಡೀ ಚಿತ್ರ ಒಮ್ಮೆಗೇ ಸಂಸ್ಕಾರವಾಗುವುದು ಪ್ರಯೋಗಾಲಯದಲ್ಲಿ ದೊಡ್ಡ ಲಾಭ. ಮನೆಯ ದಾಖಲೆಗಳಿಗೆ ಅದರಿಂದ ಪ್ರಯೋಜನವಿಲ್ಲ.

ನಿಮಗೆ 2001ರಲ್ಲಿ ಅಮೆರಿಕದ ಮಾನಕವಾದ, ಕಂಪ್ಯೂಟರಿನ ಗೂಢಲಿಪಿ ವಿಧಾನ ಎಇಎಸ್ ಸಾಕು. 256 ಬಿಟ್ ಕೀಲಿಯ ಆಯ್ಕೆಯಿರುವ ತಂತ್ರಾಂಶದಲ್ಲಿ ಉದ್ದನೆಯ ಪಾಸ್‌ವರ್ಡ್ ಕೊಟ್ಟು ಬೀಗ ಹಾಕಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಐನ್‌ಮನೆಯಲ್ಲಿಡಿ. ಪಾಸ್‌ವರ್ಡ್ ಬರೆದ ಚೀಟಿ ಮಾತ್ರ ಅದೇ ಪೆಟ್ಟಿಗೆಯಲ್ಲಿರಬಾರದು.